ಎಂಪ್ಟಿ ಪೇಜ್!!

ಬಿ.ಎಲ್. ರೈಸ್ ಸಾಹೇಬರು ‘ಎಪಿಗ್ರಾಫಿಯಾ ಕರ್ನಾಟಿಕಾ’ದ 7ನೇ ಸಂಪುಟದಲ್ಲಿ (1902) ಶಿಕಾರಿಪುರದ ಶಾಸನಗಳನ್ನೂ 8ನೆಯದರಲ್ಲಿ (1904) ಸೊರಬದವನ್ನೂ ಅಚ್ಚು ಹಾಕಿಸಿ ಹೋದರು. ಕಂಪ್ಯೂಟರಿಗೆ ಅವನ್ನು ಓದಿಸುವ ಕೆಲಸವನ್ನು ಮಾತ್ರ ನನಗೆಂದೇ ಉಳಿಸಿದ್ದಾರೆ ಎಂಬ ಭ್ರಮೆ ಯಾಕೆ ಬಂತೋ, ಬಂತು. ಸ್ಕ್ಯಾನ್ ಪುಟಗಳಿದ್ದವು, ಚಿತ್ರದಲ್ಲಿನ ಅಕ್ಷರ ಓದುವ ಟೆಸರಾಕ್ಟ್ ಇತ್ತು, ಪೈಥಾನ್ ಅಲ್ಪಸ್ವಲ್ಪ ಬರುತ್ತಿತ್ತು. ಅಲ್ಪಸ್ವಲ್ಪ ಬರುವವರ ಉತ್ಸಾಹ ನಿಮಗೆ ಗೊತ್ತೇ ಇದೆ.

ನನ್ನ ಸ್ಕ್ರಿಪ್ಟು ಅಪ್ಪ. ಟೆಸರಾಕ್ಟ್ ಅದರ ಚೈಲ್ಡ್ ಪ್ರಾಸೆಸ್. ಈ ಮಗುವಿಗೆ ಬಾಯಿ ಎರಡು. ಓದಿದ್ದನ್ನು ಔಟ್‌ಪುಟ್ಟಿನಲ್ಲಿ ಒಪ್ಪಿಸುತ್ತದೆ, ಗೊಣಗುವುದನ್ನೆಲ್ಲ ಎರರ್‌ನಲ್ಲಿ ಗೊಣಗುತ್ತದೆ. 1970ರ ದಶಕದಲ್ಲಿ ಬೆಲ್ ಲ್ಯಾಬ್ಸ್‌ನ ಯೂನಿಕ್ಸ್ ಮಂದಿಗೆ ಬೇಕಾದ ಪುಟದ ಬದಲು ತಪ್ಪಿನ ಸಂದೇಶವೇ ಅಂದವಾಗಿ ಅಕ್ಷರಜೋಡಣೆಯಾಗಿ ಬಂದಿತಂತೆ. ಎರಡನೇ ಬಾಯಿ ಹುಟ್ಟಿದ್ದು ಆಮೇಲೆ.

ಸೊರಬದ ಚಿಕ್ಕಮ್ಮನ ಮನೆ ಜಗಲಿಯಲ್ಲಿ ಕೂತು 8ನೇ ಸಂಪುಟ ಓಡಿಸಿದೆ. ಓಡಿತು. ನಿಂತಿತು.

ಲಿನಕ್ಸ್‌ನಲ್ಲಿ ಅಪ್ಪ–ಮಗುವಿನ ನಡುವಿನ ಪೈಪು ಹಿಡಿಯುವುದು 64 ಕಿಲೋಬೈಟು. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟು ಸಾಕು. ಯುಟಿಎಫ್-8ರಲ್ಲಿ ನಮ್ಮ ‘ಕ’ಗೆ ಮೂರು, ‘ಶ್ರೀ’ಗೆ ಬರೋಬ್ಬರಿ 12. ಶಾಸನಗಳಲ್ಲಿ ಶ್ರೀಗೆ ಬರವೇ? ಪೈಪು ತುಂಬಿತು. ಅಪ್ಪ, “ನೀನು ಪೂರಾ ಮುಗಿಸು, ಆಮೇಲೆ ಕೇಳ್ತೀನಿ” ಎಂದು ಕೂತಿದ್ದಾನೆ. ಮಗು, “ನೀನು ಒಂಚೂರು ಕೇಳಿಸ್ಕೊ, ಆಮೇಲೆ ಮುಗಿಸ್ತೀನಿ” ಎಂದು ಕೂತಿದೆ. ಇಬ್ಬರೂ ಮರ್ಯಾದಸ್ಥರು, ಜಗಳವಿಲ್ಲ, ಸದ್ದಿಲ್ಲ, ಲ್ಯಾಪ್‌ಟಾಪಿನ ಫ್ಯಾನು ಕೂಡ ತಿರುಗುತ್ತಿಲ್ಲ. ನಾನು ಮೂರನೆಯವನಾಗಿ ಭಕ್ತಿಯಿಂದ ಪರದೆ ನೋಡುತ್ತ ಕೂತೆ. ಚಿಕ್ಕಮ್ಮ ಕಾಫಿ ತಂದರು.

“ಎಂಥದೋ ಅದು, ಕೆಲಸ ಮಾಡ್ತಾ ಇದ್ಯೋ, ನಿದ್ದೆ ಹೊಡೀತಾ ಇದ್ಯೋ?”

“ಯೋಚನೆ ಮಾಡ್ತಾ ಇದೆ, ಚಿಕ್ಕಮ್ಮ.”

ಅವರು ಬೆಂಚಿನ ಮೇಲೆ ಗೊರಕೆ ಹೊಡೆಯುತ್ತಿದ್ದ ಚಿಕ್ಕಪ್ಪನ ಕಡೆ ನೋಡಿದರು. “ನಿನ್ನ ಚಿಕ್ಕಪ್ಪನೂ ಊಟ ಆದ್ಮೇಲೆ ದಿನಾ ಯೋಚನೆ ಮಾಡ್ತಾರೆ.”

ಸ್ಕ್ರಿಪ್ಟಿನಲ್ಲಿ ಮಗು ಮುಗಿಸುವ ತನಕ ಕಾಯುವ ‘ವೇಟ್’ ತೆಗೆದು ‘ಕಮ್ಯುನಿಕೇಟ್’ ಹಾಕಿದೆ. ಅದು ಎರಡೂ ಬಾಯಿಯ ಮಾತನ್ನು ಬಂದ ಹಾಗೇ ಕೇಳಿಸಿಕೊಳ್ಳುತ್ತದೆ. ಸರಾಗ.

ಬೆಂಗಳೂರಿನ ಗೆಳೆಯನಿಗೆ ವರದಿ ಒಪ್ಪಿಸಿದರೆ, “ಎರರ್ ಎಲ್ಲ ಯಾಕೆ ಗುರೂ? ಡೆವ್ ನಲ್‌ಗೆ ತಳ್ಳು, ಸ್ಕ್ರೀನ್ ಕ್ಲೀನಾಗಿರುತ್ತೆ” ಎಂದ. ಡೆವ್ ನಲ್ ಎಂದರೆ ಹಾಕಿದ್ದೆಲ್ಲ ಮಾಯವಾಗುವ ಕಸದ ಬುಟ್ಟಿ. ಮೈ ಉರಿಯಿತು. ಆ ಗೊಣಗಾಟದ ನಡುವೆಯೇ ಟೆಸರಾಕ್ಟ್ “ಎಂಪ್ಟಿ ಪೇಜ್!!” ಎಂದು ಎರಡೆರಡು ಆಶ್ಚರ್ಯಚಿಹ್ನೆ ಹಾಕಿ ಕೂಗಿತ್ತು. ತೆಗೆದು ನೋಡಿದರೆ ಪುಟ ಖಾಲಿಯಿರಲಿಲ್ಲ. ಸ್ಕ್ಯಾನು ಮಸುಕಾಗಿತ್ತು, ಅಷ್ಟೆ. ಒಳಗೊಂದು ವೀರಗಲ್ಲಿನ ಶಾಸನ. ಊರಿನ ದನ ಬಿಡಿಸಲು ಹೋಗಿ ಸತ್ತವರ ಕಲ್ಲುಗಳು ಈ ಸೀಮೆಯಲ್ಲಿ ಬೇಕಾದಷ್ಟಿವೆ. ಕಲ್ಲಿನಲ್ಲಿ ಅಕ್ಷರ ಸವೆದ ಕಡೆ ರೈಸ್ ಚುಕ್ಕಿ ಇಟ್ಟು ‘ಇಲ್ಲಿ ಏನೋ ಇತ್ತು’ ಎಂದು ತೋರಿಸಿದ್ದಾರೆ. ಡೆವ್ ನಲ್‌ನಲ್ಲಿ ಆ ಚುಕ್ಕಿಯೂ ಉಳಿಯುವುದಿಲ್ಲ.

ಸ್ಕ್ರೀನು ಕ್ಲೀನಾಗಿರಬೇಕು ಎನ್ನುವ ಮಹನೀಯರು ದಯವಿಟ್ಟು ತಮ್ಮ ಸ್ಕ್ರೀನನ್ನು ಬಟ್ಟೆಯಿಂದ ಒರೆಸಿಕೊಳ್ಳಿ. ಎರರ್ ಬಾಯಿ ಮುಚ್ಚಿಸಬೇಡಿ.