ಎಷ್ಟು ಬರುತ್ತೆ: ಒಂದು ಮೀಮಾಂಸೆ

ಕನ್ನಡದ ಬಂಧುವರ್ಗದ ನಾಲಿಗೆಯ ಮೇಲೆ ನೆಲೆಸಿರುವ ಪ್ರಶ್ನೆಗಳಲ್ಲೆಲ್ಲ ಅತಿ ಗಹನವಾದದ್ದು "ಎಷ್ಟು ಬರುತ್ತೆ?" ಎಂಬುದು. ಆತ್ಮ ಒಂದೋ ಹಲವೋ, ಜಗತ್ತು ಸತ್ಯವೋ ಮಿಥ್ಯೆಯೋ ಎಂಬುದಕ್ಕೆಲ್ಲ ಆಚಾರ್ಯರು ಭಾಷ್ಯ ಬರೆದಿಟ್ಟಿದ್ದಾರೆ. ಇದೊಂದಕ್ಕೆ ಮಾತ್ರ ಯಾರೂ ಕೈಹಾಕಿದಂತಿಲ್ಲ. ಆ ಕೊರತೆ ನೀಗಲೆಂದು ಈ ಅಲ್ಪ ಪ್ರಯತ್ನ.

ಮೊದಲು ಪಾಠಾಂತರಗಳು. ಹಳೇ ಮೈಸೂರಿನ ಪ್ರತಿಯಲ್ಲಿ "ಎಷ್ಟು ಕೊಡ್ತಾರಪ್ಪ?" ಎಂದಿದೆ. ಧಾರವಾಡದ್ದು "ಪಗಾರ ಎಷ್ಟೈತಿ?" ಕರಾವಳಿಯದ್ದು "ಸಂಬಳ ಎಷ್ಟುಂಟು ಮಾರಾಯ?" ಪಾಠ ಯಾವುದಾದರೂ ಸ್ಥಳ ಒಂದೇ: ಮದುವೆಯೂಟದ ಪಂಕ್ತಿ. ಕಾಲವೂ ಒಂದೇ: ಎಲೆಗೆ ಹೋಳಿಗೆ ಬಿದ್ದು ತುಪ್ಪ ಬರುವುದರೊಳಗಿನ ಅವಧಿ. ಕೋಸಂಬರಿಯ ಹಂತದಲ್ಲೇ ಕೇಳಿದ ನಿದರ್ಶನ ಸಿಕ್ಕಿಲ್ಲ. ಎದುರು ಕೂತವರು ಯಾರ ಮಗ, ಯಾರ ಮಗಳು ಎಂಬ ಶೋಧನೆ ಆಗಿನ್ನೂ ನಡೆದಿರುತ್ತದೆ.

ಈಗ ಪೂರ್ವಪಕ್ಷ. ಇದು ಸಾರ್ಥಕವಾದಿಗಳದು. ದುಡ್ಡು ಮುಖ್ಯವಲ್ಲ, ಮನಸ್ಸಿಗೆ ಒಪ್ಪುವ ಕೆಲಸ ಮಾಡಿ ಎಂದು ಇವರು ಕಾಲೇಜು ವಾರ್ಷಿಕೋತ್ಸವಗಳಲ್ಲಿ ಉಪದೇಶಿಸುತ್ತಾರೆ. ಉಪದೇಶಿಸುವವರಿಗೆ ಸಾಮಾನ್ಯವಾಗಿ ಸ್ವಂತ ಮನೆ, ತಪ್ಪದ ಪಿಂಚಣಿ ಮತ್ತು ಹೊರಗೆ ಕಾಯುತ್ತಿರುವ ಕಾರು ಇರುತ್ತವೆ. ಪ್ರಮಾಣ ಬೇಕೆಂದರೆ ಪುರಂದರದಾಸರನ್ನು ಮುಂದೊಡ್ಡುತ್ತಾರೆ. ನವಕೋಟಿ ನಾರಾಯಣ ಎನಿಸಿಕೊಂಡಿದ್ದ ಶ್ರೀನಿವಾಸ ನಾಯಕ ಒಂದು ಮೂಗುತಿಯ ಪ್ರಸಂಗದಿಂದ ಕಣ್ತೆರೆದು ಆಸ್ತಿಯನ್ನೆಲ್ಲ ಬಿಟ್ಟು ತಂಬೂರಿ ಹಿಡಿದ ಎಂಬ ಸಂಪ್ರದಾಯದ ಕಥೆ ಎಲ್ಲರಿಗೂ ಗೊತ್ತು. ಆದರೆ ಬಂಧುಪಕ್ಷದವರು ಕಡಿಮೆ ಪಂಡಿತರಲ್ಲ. ಮೊದಲು ನವಕೋಟಿ, ಆಮೇಲೆ ತಂಬೂರಿ, ಆ ಕ್ರಮವನ್ನು ಗಮನಿಸು ಎನ್ನುತ್ತಾರೆ. ನೀನೂ ಮೊದಲು ಸೈಟು ಮಾಡು, ಮನೆಸಾಲ ತೀರಿಸು, ಆಮೇಲೆ ಏನನ್ನಾದರೂ ಹಿಡಿ.

ಇದಕ್ಕೆ ಉತ್ತರ ಸಿಗುವುದು ಶರಣರ ಕಲ್ಯಾಣ ಪಟ್ಟಣದಲ್ಲಿ. ಆಯ್ದಕ್ಕಿ ಮಾರಯ್ಯನಿಗೆ ನವಕೋಟಿಯ ಹಿನ್ನೆಲೆ ಇರಲಿಲ್ಲ. ನೆಲಕ್ಕೆ ಬಿದ್ದ ಅಕ್ಕಿ ಆಯುವುದೇ ಆತನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಒಪ್ಪಲಿಲ್ಲ. ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ಹಿಂದಕ್ಕೆ ಅಟ್ಟಿದಳು. ವೇರಿಯಬಲ್ ಪೇಯನ್ನು ಮನೆಯವರೇ ವಾಪಸು ಮಾಡಿಸಿದ ಇನ್ನೊಂದು ಪ್ರಸಂಗ ಈ ಪ್ರಬಂಧಕಾರನ ಗಮನಕ್ಕೆ ಬಂದಿಲ್ಲ. ಭಾಷಣಕಾರರು ಮಾರಯ್ಯನನ್ನು ಹೊಗಳಿ ಲಕ್ಕಮ್ಮನನ್ನು ಬಿಟ್ಟುಬಿಡುತ್ತಾರೆ. ಮನೆಯಲ್ಲಿ ಒಬ್ಬ ಲಕ್ಕಮ್ಮ ಇಲ್ಲದವನ ಸಾರ್ಥಕತೆ ಎರಡನೇ ದೀಪಾವಳಿ ಕಾಣುವುದು ಕಷ್ಟ ಎಂಬುದು ನಮ್ಮ ಮತ.

ಇನ್ನು ಕಾಲನಿರ್ಣಯ. ಕಡಿಮೆ ಸಂಬಳದ ಕೆಲಸ ಹಿಡಿದವರನ್ನು ನೆಂಟರು ಒಪ್ಪಿಕೊಳ್ಳಲು ಎಷ್ಟು ವರ್ಷ ಬೇಕು? ಈ ಅವಧಿಗೆ 'ಬಂಧುಮನ್ನಣಾ ಕಾಲಾಂತರ' ಎಂದು ಹೆಸರಿಟ್ಟಿದ್ದೇವೆ. ಪ್ರಶಸ್ತಿ ಬಂದು ಪತ್ರಿಕೆಯಲ್ಲಿ ಫೋಟೊ ಅಚ್ಚಾದ ದಿನವೇ ಮನ್ನಣೆಯ ದಿನ ಎಂದು ಹಿಡಿದುಕೊಳ್ಳೋಣ. ಹೆಗ್ಗೋಡಿನಲ್ಲಿ ನೀನಾಸಂ ನಾಟಕ ಸಂಘ ಹುಟ್ಟಿದ್ದು 1949ರಲ್ಲಿ, ಅದನ್ನು ಕಟ್ಟಿದ ಕೆ.ವಿ. ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು 1991ರಲ್ಲಿ: 42 ವರ್ಷ. ವೈದ್ಯಕೀಯ ಓದಿದ ಡಾ. ಎಚ್. ಸುದರ್ಶನ್ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ನಡುವೆ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದ್ದು 1981ರಲ್ಲಿ, ರೈಟ್ ಲೈವ್ಲಿಹುಡ್ ಪ್ರಶಸ್ತಿ 1994ರಲ್ಲಿ: 13. ಐಐಟಿಯಲ್ಲಿ ಓದಿ ಅಮೆರಿಕದಲ್ಲಿ ಡಾಕ್ಟರೇಟ್ ಮಾಡಿದ ಹರೀಶ್ ಹಂದೆ ಬಡವರ ಮನೆಗೆ ಸೌರದೀಪ ಹಾಕುವ ಸೆಲ್ಕೊ ಕಂಪನಿ ಶುರುಮಾಡಿದ್ದು 1995ರಲ್ಲಿ, ಮ್ಯಾಗ್ಸೆಸೆ 2011ರಲ್ಲಿ: 16. ಸರಾಸರಿ 23 ವರ್ಷ 8 ತಿಂಗಳು. ಅಂದರೆ 22ನೇ ವಯಸ್ಸಿಗೆ ಮನಸ್ಸೊಪ್ಪುವ ಕೆಲಸಕ್ಕೆ ಸೇರಿದವರಿಗೆ 45 ದಾಟಿದ ಮೇಲೆ ಮನ್ನಣೆ. ಅಷ್ಟರಲ್ಲಿ ಪ್ರಶ್ನೆ ಕೇಳಿದ ದೊಡ್ಡಪ್ಪನ ಫೋಟೊಗೆ ಹಾರ ಬಿದ್ದಿರುತ್ತದೆ. ಪ್ರಶಸ್ತಿಯೇ ಬಾರದೆ ದುಡಿದು ಹೋದವರನ್ನು ಯಾಕೆ ಸೇರಿಸಿಲ್ಲ ಎಂದು ಕೆಲವರು ಆಕ್ಷೇಪಿಸಬಹುದು. ಸೇರಿಸಿದರೆ ಸರಾಸರಿ ಅನಂತವಾಗಿ ಪ್ರಬಂಧದ ಅಂದ ಕೆಡುತ್ತದೆ.

ಶಾಸ್ತ್ರಕ್ಕೆ ಕ್ಷೇತ್ರಕಾರ್ಯದ ಬೆಂಬಲ ಬೇಕಲ್ಲ. ಹಾಸನದ ಒಂದು ಛತ್ರದಲ್ಲಿ ಪಕ್ಕದ ಎಲೆಯಲ್ಲಿ ಕೂತು ದಾಖಲಿಸಿಕೊಂಡದ್ದು:

"ಏನ್ ಪುಟ್ಟಿ, ಕಂಪನಿ ಬಿಟ್ಟುಬಿಟ್ಟೆಯಂತೆ?"

"ಹೂಂ ದೊಡ್ಡಪ್ಪ. ಈಗ ಯಾದಗಿರಿ ಕಡೆ ಇದೀನಿ. ಸರ್ಕಾರಿ ಶಾಲೆ ಮಕ್ಕಳಿಗೆ ಲೆಕ್ಕ ಹೇಳ್ಕೊಡೋ ಕೆಲಸ."

"ಒಳ್ಳೇದು, ಪುಣ್ಯದ ಕೆಲಸ." ತುಪ್ಪದವನು ಇನ್ನೂ ಎರಡು ಎಲೆ ದೂರದಲ್ಲಿದ್ದ. "ಎಷ್ಟು ಬರುತ್ತೆ?"

"ಕೈಗೆ ಇಪ್ಪತ್ತೆಂಟು ಸಾವಿರ."

ಹೋಳಿಗೆ ಮುರಿಯುತ್ತಿದ್ದ ಕೈ ನಿಂತಿತು. ದೊಡ್ಡಪ್ಪ ಹುಡುಗಿಯ ಅಪ್ಪನ ಕಡೆ ವಾಲಿ, ಕಾಮಾಲೆಯಾದವರನ್ನು ನೋಡಲು ಹೋದವರ ದನಿಯಲ್ಲಿ, "ತಲೆ ಕೆಡಿಸ್ಕೋಬೇಡ, ಒಂದೆರಡು ವರ್ಷಕ್ಕೆ ಸರಿಹೋಗತ್ತೆ" ಎಂದರು. ಆಮೇಲೆ ಪಂಕ್ತಿಗೆಲ್ಲ ಕೇಳುವಂತೆ, "ನಮ್ಮ ಹುಡುಗನಿಗೆ ಕ್ಯಾಂಪಸ್ಸಲ್ಲೇ ಆಯ್ತು. ಮೂರೂವರೆ ಲಕ್ಷ ಪ್ಯಾಕೇಜು!" ಆಚೆ ಈಚೆ ನಾಲ್ಕೈದು ತಲೆಗಳು ಮೆಚ್ಚಿ ತೂಗಿದವು.

ಪ್ರಬಂಧಕಾರನು ಎಲೆಯ ಅಂಚಿನಲ್ಲೇ ಬೆರಳಾಡಿಸಿ ಗುಣಿಸಿದನು. 28 ಸಾವಿರವನ್ನು ಹನ್ನೆರಡು ತಿಂಗಳಿಗೆ ಹಿಡಿದರೆ 3 ಲಕ್ಷ 36 ಸಾವಿರ. ಹುಡುಗನ ಮೂರೂವರೆ ಲಕ್ಷದಲ್ಲಾದರೋ ಕಂಪನಿ ಕಟ್ಟುವ ಪಿಎಫ್, ಗ್ರಾಚ್ಯುಟಿ, ವಿಮೆ, ಬಂದರೆ ಬಂತು ಎನ್ನುವ ವೇರಿಯಬಲ್ ಪೇ ಎಲ್ಲವೂ ಅಡಗಿ ಕೂತಿರುತ್ತವೆ. ಅವನ್ನು ಕಳೆದು ಬೆಂಗಳೂರಿನ ಪಿಜಿ ಬಾಡಿಗೆಯನ್ನೂ ಕಳೆದರೆ ತಿಂಗಳ ಕೊನೆಗೆ ಸಾಲ ಕೇಳಬೇಕಾದವನು ಯಾರು ಎಂಬುದು ಸ್ಪಷ್ಟ. ದೊಡ್ಡ ಐಟಿ ಕಂಪನಿಗಳು ಹೊಸಬರಿಗೆ ಕೊಡುವ ಈ ಮೂರು, ಮೂರೂವರೆ ಲಕ್ಷ ಹತ್ತು ವರ್ಷಕ್ಕೂ ಮೇಲಿಂದ ಹೆಚ್ಚುಕಡಿಮೆ ಅಲ್ಲೇ ನಿಂತಿದೆ. ಬೇಳೆ, ಬೆಲ್ಲದ ಬೆಲೆ ನಿಂತಿಲ್ಲ.

ಆದ್ದರಿಂದ ಸಿದ್ಧಾಂತ: ಹಣ ದೊಡ್ಡದೋ ಸಾರ್ಥಕತೆ ದೊಡ್ಡದೋ ಎಂದು ನಾವು ನಡೆಸುವ ಜಗಳದಲ್ಲಿ ಬಹುಪಾಲು ತಿಂಗಳಿಗೂ ವರ್ಷಕ್ಕೂ ಇರುವ ಲೆಕ್ಕದ ಗೊಂದಲ, ಉಳಿದದ್ದು ಮುಂದಿನ ಮದುವೆಯಲ್ಲಿ ಹೇಳಿಕೊಳ್ಳಲು ಒಂದು ಅಂಕಿ ಬೇಕೆಂಬ ಆಸೆ. ಶಿಕ್ಷಣಸಾಲದ ಕಂತು ತಲೆಯ ಮೇಲಿರುವವರು, ಮನೆಯಲ್ಲಿ ಡಯಾಲಿಸಿಸ್ ಖರ್ಚಿರುವವರು ದುಡ್ಡು ಹೆಚ್ಚು ಸಿಗುವಲ್ಲಿಗೆ ಹೋಗಲಿ. ಅವರಿಗೆ ಉಪದೇಶ ಮಾಡುವ ಹಕ್ಕು ಯಾವ ಪಕ್ಷಕ್ಕೂ ಇಲ್ಲ. ಬಾಡಿಗೆ, ಊಟ, ಬಸ್ ಪಾಸಿಗೆ ಸಾಲುವಷ್ಟು ಬರುತ್ತಿದ್ದು, ಬೆಳಿಗ್ಗೆ ಎದ್ದು ಹೋಗಲು ಮನಸ್ಸಾಗುವ ಕೆಲಸ ಸಿಕ್ಕಿರುವ ಮಕ್ಕಳಿಗೆ ಮಾತ್ರ ಒಂದು ವಿನಂತಿ. ಕೆಲಸ ಬಿಡಬೇಡಿ. ಯಾರಾದರೂ ಕೇಳಿದರೆ ತಿಂಗಳ ಲೆಕ್ಕ ಹೇಳಿ ಅಪ್ಪ ಅಮ್ಮನಿಗೆ ಮುಜುಗರ ತರಬೇಡಿ. ವರ್ಷದ್ದು ಹೇಳಿ, ಪಿಎಫ್ ಸೇರಿಸಿಯೇ ಹೇಳಿ.