ಪ್ರಯೋಗಾಲಯದ ಪ್ರಮಾಣ ಮೀಮಾಂಸೆ

ಪ್ರಯೋಗಾಲಯದ ಒಂದು ಕೆಲಸವನ್ನು ಯಾರು ಮಾಡಿದರೂ, ಎಂದು ಮಾಡಿದರೂ ಒಂದೇ ರೀತಿಯಲ್ಲಿ ನಡೆಯಬೇಕೆಂದು ಹಂತಹಂತವಾಗಿ ಬರೆದಿಟ್ಟ ವಿಧಿಗೆ ಪ್ರಮಾಣಿತ ಕಾರ್ಯವಿಧಾನ, ಅಂದರೆ ಎಸ್‌ಒಪಿ ಎಂದು ಹೆಸರು. ಹೆಸರಿನಲ್ಲಿಯೇ ‘ಪ್ರಮಾಣ’ ಅಡಗಿರುವುದರಿಂದ, ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಒಪ್ಪಿದ ಆರು ಪ್ರಮಾಣಗಳಿಂದ, ಅಂದರೆ ಜ್ಞಾನಸಾಧನಗಳಿಂದ, ಇದನ್ನು ಪರೀಕ್ಷಿಸುವುದು ಶಾಸ್ತ್ರೋಚಿತವಾಗಿದೆ.

ಶಬ್ದವೆಂದರೆ ನಂಬತಕ್ಕ ವಚನ. ಉದ್ದೇಶ, ವ್ಯಾಪ್ತಿ, ಹೊಣೆ, ವಿಧಾನ, ದಾಖಲೆ ಎಂಬ ವಿಭಾಗಗಳೂ ಆವೃತ್ತಿ ಸಂಖ್ಯೆಯೂ ಸಹಿಗಳೂ ಉಳ್ಳ ಕಡತವೇ ಇಲ್ಲಿ ಆ ವಚನವಾಗಿದ್ದು, ಎಸ್‌ಒಪಿ ಬರೆಯುವುದಕ್ಕೂ ಒಂದು ಎಸ್‌ಒಪಿ ಇರುವುದರಿಂದ, ಆ ಮೊದಲನೆಯದನ್ನು ಯಾವುದನ್ನು ನೋಡಿ ಬರೆದರೆಂಬ ಪ್ರಶ್ನೆಗೆ, ವೇದದಂತೆ ಅದೂ ಅಪೌರುಷೇಯವೆಂಬುದೊಂದೇ ಸಮಾಧಾನ. ಉಪಮಾನವೆಂದರೆ ಹೋಲಿಕೆಯಿಂದ ಹುಟ್ಟುವ ಜ್ಞಾನ. ಪುಟದ ಅಡಿಯಲ್ಲಿ ಬೇರೊಂದು ಲ್ಯಾಬಿನ ಹೆಸರು ಅಳಿಯದೆ ಉಳಿದಿರುವುದು ಇದರ ಲಕ್ಷಣ. ಅನುಮಾನವೆಂದರೆ ಹೊಗೆಯಿಂದ ಬೆಂಕಿಯನ್ನು ತಿಳಿಯುವುದು. ತಿಂಗಳಿಡೀ ಸಹಿಗಳು ಒಂದೇ ಶಾಯಿಯಲ್ಲಿ ಹೊಳೆಯುತ್ತಿದ್ದರೆ ಆಡಿಟ್ ಹತ್ತಿರವಾಗಿದೆಯೆಂದು ಊಹಿಸಬಹುದು.

ಹಗಲು ಉಣ್ಣದ ದೇವದತ್ತನು ದಪ್ಪಗಿದ್ದರೆ ರಾತ್ರಿ ಉಣ್ಣುತ್ತಾನೆಂದು ಕಲ್ಪಿಸುವುದು ಅರ್ಥಾಪತ್ತಿ. ರೀಏಜೆಂಟುಗಳ ಫ್ರಿಜ್ಜು 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗಿರಬೇಕಾಗಿದ್ದು, ಬಾಗಿಲಿಗೆ ಬೀಗ ಬಿದ್ದಿದ್ದ ಭಾನುವಾರವೂ ರಿಜಿಸ್ಟರಿನಲ್ಲಿ 4 ಡಿಗ್ರಿ ದಾಖಲಾಗಿದ್ದರೆ, ಆ ಭಾನುವಾರವು ಸೋಮವಾರ ಬೆಳಿಗ್ಗೆ ಸಂಭವಿಸಿತೆಂದು ಒಪ್ಪದೆ ಗತ್ಯಂತರವಿಲ್ಲ. ಕಾಣದಿರುವುದರಿಂದಲೇ ಇಲ್ಲವೆಂದು ಅರಿಯುವುದು ಅನುಪಲಬ್ಧಿ. ಅಂತರರಾಷ್ಟ್ರೀಯ ಸಂಸ್ಥೆಯಾದ ಒಇಸಿಡಿ 1981ರಲ್ಲಿ ಅಂಗೀಕರಿಸಿದ ಉತ್ತಮ ಪ್ರಯೋಗಾಲಯ ಪದ್ಧತಿಯ ತತ್ತ್ವಗಳು ಚಾಲ್ತಿಯಲ್ಲಿರುವ ಎಸ್‌ಒಪಿ ಕೆಲಸದ ಜಾಗದಲ್ಲಿಯೇ ಕೈಗೆ ಸಿಗಬೇಕೆಂದು ವಿಧಿಸಿದರೂ, ಕಡತವು ಬೀರುವಿನಲ್ಲಿದ್ದು ಬೀರುವಿನ ಕೀಲಿಯು ರಜೆಯ ಮೇಲೆ ಹೋಗಿರುತ್ತದೆ.

ಪ್ರಮಾಣಗಳಲ್ಲೆಲ್ಲ ಹಿರಿದೆನಿಸಿದ ಪ್ರತ್ಯಕ್ಷವನ್ನು ಕೊನೆಗಿಟ್ಟಿರುವುದು ಪ್ರಯೋಗಾಲಯದ ಸಂಪ್ರದಾಯವನ್ನು ಅನುಸರಿಸಿಯೇ. ಯಂತ್ರದ ಪಕ್ಕೆಗೆ ಟೇಪಿನಿಂದ ಅಂಟಿಸಿದ, ‘ಮೊದಲು ಎರಡು ಸಲ ತೊಳೆ, ಆಮೇಲೆ ಸ್ಯಾಂಪಲ್ ಹಾಕು’ ಎಂಬ ಪೆನ್ಸಿಲ್ ಚೀಟಿಯೇ ಆ ಪ್ರತ್ಯಕ್ಷ. ಸಹಿ, ದಿನಾಂಕ, ಆವೃತ್ತಿ ಒಂದೂ ಇಲ್ಲದ ಇದನ್ನು ಆಡಿಟರು ‘ನಿಯಂತ್ರಣಕ್ಕೆ ಒಳಪಡದ ದಾಖಲೆ’ಯೆಂದು ಕೀಳಿಸಿದ ಮರುದಿನವೇ ಫಲಿತಾಂಶಗಳು ಏರುಪೇರಾಗುವುದರಿಂದ, ಎಸ್‌ಒಪಿಯ ನಿರ್ವಹಣೆಯೆಂದರೆ ಚೀಟಿಯ ಮಾತನ್ನು ಕಾಲಕಾಲಕ್ಕೆ ಕಡತಕ್ಕೆ ಏರಿಸುವುದೇ ಎಂದು ಸಿದ್ಧಾಂತವಾಗುತ್ತದೆ. ಹಾಗೆ ಏರಿಸಿದ ಪರಿಷ್ಕೃತ ಆವೃತ್ತಿಯು ಎಲ್ಲ ಸಹಿಗಳನ್ನೂ ಪಡೆದು ಬರುವ ವೇಳೆಗೆ ಯಂತ್ರವೇ ಬದಲಾಗಿ, ಹೊಸ ಯಂತ್ರದ ಪಕ್ಕೆಯಲ್ಲಿ ಹೊಸ ಚೀಟಿಯೊಂದು ಅಂಟಿಕೊಂಡಿರುತ್ತದೆ.