ದತ್ತಾಂಶ ವಿಜ್ಞಾನಿಯೂ ‘ಚರ್ಚಿಸಿ’ ಎಂಬ ಷರಾವೂ

ನಮ್ಮ ರಾಜ್ಯದ ಆರ್ಥಿಕ ಇಲಾಖೆಗೆ ಒಬ್ಬ ಹಿರಿಯ ದತ್ತಾಂಶ ವಿಜ್ಞಾನಿ ಬೇಕಾಗಿದ್ದಾರೆ ಎಂದಿಟ್ಟುಕೊಳ್ಳಿ. ವಿದ್ಯಾರ್ಹತೆ: ಸಂಖ್ಯಾಶಾಸ್ತ್ರದಲ್ಲಿ ಡಾಕ್ಟರೇಟ್. ಅನುಭವ: 10 ವರ್ಷ. ಅವಧಿ: 11 ತಿಂಗಳು. ಮುಂದೆಂದೂ ಕಾಯಂ ಮಾಡಿ ಎಂದು ಕೋರ್ಟಿಗೆ ಹೋಗುವುದಿಲ್ಲವೆಂದು ಛಾಪಾ ಕಾಗದದ ಮೇಲೆ ಮುಚ್ಚಳಿಕೆ ಬರೆದುಕೊಡತಕ್ಕದ್ದು. ವೇತನ ಎಂಬ ಮಾತಿಲ್ಲ, ‘ಸಂಚಿತ ಸಂಭಾವನೆ’.

2025-26ರ ಬಜೆಟ್ಟಿನ ಗಾತ್ರ 4,09,549 ಕೋಟಿ ರೂಪಾಯಿ. ಇಷ್ಟು ದೊಡ್ಡ ಜಮಾಖರ್ಚಿನ ಹೊಟ್ಟೆಯೊಳಗೆ ಏನಿದೆ ಎಂದು ನೋಡಲು ಓದಿದವರೊಬ್ಬರನ್ನು ಇಟ್ಟುಕೊಂಡರೆ ಯಾರ ಗಂಟೂ ಹೋಗುವುದಿಲ್ಲ. ಯಾವ ಕಡೆ ನೋಡಬೇಕು ಎನ್ನುವುದನ್ನು ಮಾತ್ರ ಮೊದಲೇ ಹೇಳಿಬಿಡುತ್ತಾರೆ.

ಮೊದಲ ದಿನ ವಿಜ್ಞಾನಿಗೆ ಕುರ್ಚಿ ಸಿಗುತ್ತದೆ, ಲಾಗಿನ್ ಸಿಗುವುದಿಲ್ಲ. ಖಜಾನೆ-2ರ ಲಾಗಿನ್ ಬೇಕಾದರೆ ಖಜಾನೆಯವರಿಗೆ ಪತ್ರ ಬರೆಯಬೇಕು. ಪತ್ರ ಬರೆಯಲು ಕಡತ ತೆರೆಯಬೇಕು. ಕಡತ ತೆರೆಯಲು ಇ-ಆಫೀಸ್ ಲಾಗಿನ್ ಬೇಕು. ಗುತ್ತಿಗೆಯವರಿಗೆ ಅದನ್ನು ಕೊಡಲು ಅವಕಾಶವಿಲ್ಲ. “ಅಲ್ಲೀತನಕ ಇದನ್ನ ನೋಡ್ತಿರಿ ಸಾರ್” ಎಂದು ಕೇಸ್ ವರ್ಕರ್ ಒಂದು ಪೆನ್‌ಡ್ರೈವ್ ಕೊಡುತ್ತಾನೆ. ಮೊದಲು ವೈರಸ್ ತೆಗೆಯಬೇಕು. ಆಮೇಲೆ ಸಿಗುವುದು ನುಡಿ ತಂತ್ರಾಂಶದ ಹಳೆಯ ಅಕ್ಷರದಲ್ಲಿ ಟೈಪಾದ ಪಟ್ಟಿಗಳು. ನೋಡಲು ದುಂಡನೆಯ ಕನ್ನಡ. ಎತ್ತಿ ಎಕ್ಸೆಲ್ಲಿಗೆ ಅಂಟಿಸಿದ್ದೇ ತಡ, ‘ಕರ್ನಾಟಕ’ ಮಾಯವಾಗಿ ಎರಡು ಇಂಗ್ಲಿಷ್ ‘ಪಿ’, ತಲೆಯ ಮೇಲೆ ಗೀಟು ಹೊತ್ತ ಯಾವುದೋ ಯುರೋಪಿನ ಅಕ್ಷರಗಳು, ‘ನಾ’ ಇದ್ದ ಜಾಗದಲ್ಲಿ ಬ್ರಿಟಿಷ್ ಪೌಂಡಿನ ಚಿಹ್ನೆ! ಆರ್ಥಿಕ ಇಲಾಖೆಯಲ್ಲವೆ, ಪಾಪ, ಇದು ವಿದೇಶಿ ಸಾಲದ ಕಡತವಿರಬೇಕು ಎಂದೇ ಅವರು ಒಂದು ಗಳಿಗೆ ನಂಬುತ್ತಾರೆ.

ಯಂತ್ರದ ಕೈಗೆ ಲೆಕ್ಕ ಕೊಟ್ಟರೆ ಏನಾಗುತ್ತದೆ ಎನ್ನುವುದಕ್ಕೆ ನಮ್ಮಲ್ಲಿ ಆಗಲೇ ಒಂದು ಉದಾಹರಣೆ ಇದೆ. ಇದೇ ಇಲಾಖೆಯ ಅಧೀನದ ವಾಣಿಜ್ಯ ತೆರಿಗೆ ಇಲಾಖೆ 2021-22ರಿಂದ ನಾಲ್ಕು ವರ್ಷಗಳ ಯುಪಿಐ ವಹಿವಾಟು ತರಿಸಿಕೊಂಡು, 2025ರಲ್ಲಿ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಸರಕು ಮಾರುವವರು ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಮಾಡಿಸಲೇಬೇಕು. ಅದು ಕಾನೂನು, ತಕರಾರಿಲ್ಲ. ಆದರೆ ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ನಾಲ್ಕು ವರ್ಷದ 1.63 ಕೋಟಿ ವಹಿವಾಟಿಗೆ 29 ಲಕ್ಷ ತೆರಿಗೆ ಕಟ್ಟಿ ಎಂದು ಬಂತಲ್ಲ, ಅಲ್ಲಿದೆ ಸ್ವಾರಸ್ಯ. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ.

ಆ ಹೊತ್ತಿಗೆ ನಮ್ಮ ವಿಜ್ಞಾನಿ ಅಲ್ಲಿದ್ದಿದ್ದರೆ ಮಾತುಕತೆ ಹೀಗಿರುತ್ತಿತ್ತು:

“ಇವರು ಮಾರಿದ್ದು ಏನು? ಬದನೆಕಾಯೋ ಲ್ಯಾಪ್‌ಟಾಪೋ?”

“ಅದು ನಮ್ಮ ಡೇಟಾದಲ್ಲಿ ಬರಲ್ಲ ಸಾರ್. ದುಡ್ಡು ಬಂದಿದ್ದು ಮಾತ್ರ ಬರುತ್ತೆ.”

“ಬಂದಿದ್ದೆಲ್ಲ ವ್ಯಾಪಾರವೇ ಅಂತ ಹೇಗೆ? ಚೀಟಿ ದುಡ್ಡಿರಬಹುದು, ಭಾವಮೈದುನ ಸಾಲ ವಾಪಸು ಕೊಟ್ಟಿರಬಹುದು.”

“ಅದಕ್ಕೇ ಅಲ್ವಾ ಸಾರ್ ನೋಟಿಸು? ಅವರೇ ಬಂದು ಹೇಳ್ಕೊಳ್ಲಿ.”

ವ್ಯಾಪಾರಿಗಳು ಹೇಳಿಕೊಂಡದ್ದು ಬೇರೆ ರೀತಿಯಲ್ಲಿ. ಅಂಗಡಿ ಮುಂದಿನ ಕ್ಯೂಆರ್ ಕೋಡ್ ಕಿತ್ತು ‘ನೋ ಯುಪಿಐ, ಓನ್ಲಿ ಕ್ಯಾಶ್’ ಎಂದು ಬರೆದು ಅಂಟಿಸಿದರು. ಹಾಲು ಹಾಕದ ಟೀ ಮಾರಿ ಪ್ರತಿಭಟಿಸಿದರು. ಹಣಕಾಸು ಖಾತೆಯನ್ನೂ ತಮ್ಮಲ್ಲೇ ಇಟ್ಟುಕೊಂಡಿದ್ದ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಕಡೆಗೆ ಅವರನ್ನು ಕರೆಸಿ ಮಾತಾಡಿ, ಹಳೆಯ ಬಾಕಿ ವಸೂಲಿ ಇಲ್ಲ, ನೋಂದಣಿ ಮಾಡಿಸಿಕೊಳ್ಳಿ ಎಂದರು. ಹತ್ತು ರೂಪಾಯಿಯ ಟೀಗೂ ಲೆಕ್ಕ ಸಿಗಲಿ ಎಂದು ಎಷ್ಟೋ ವರ್ಷ ಡಿಜಿಟಲ್ ಜಪ ಮಾಡಿಸಿದ ಸರ್ಕಾರ, ಒಂದೇ ನೋಟಿಸಿನಲ್ಲಿ ಆ ಲೆಕ್ಕವನ್ನು ಮತ್ತೆ ಗಲ್ಲಾಪೆಟ್ಟಿಗೆಗೆ ಹಾಕಿಸಿತು. ಇದನ್ನು ಯಾವ ಮಾಡೆಲ್ಲೂ ಮೊದಲೇ ಊಹಿಸಿರಲಿಲ್ಲ. ಯಾವ ಟೀ ಅಂಗಡಿಯವನನ್ನು ಕೇಳಿದ್ದರೂ ಹೇಳುತ್ತಿದ್ದ.

ಕೆಳಗೆ ನೋಡುವಾಗ ಈ ಪರಿ ಚುರುಕಾದ ಕಣ್ಣು, ತಲೆಯೆತ್ತಿ ನೋಡಬೇಕಾದಾಗ ಮಂಜಾಗುತ್ತದೆ. ಸರ್ಕಾರದ ಪ್ರತಿ ಖರ್ಚಿಗೂ ಒಂದು ಲೆಕ್ಕಶೀರ್ಷಿಕೆ ಇರುತ್ತದೆ. 2202 ಎಂದರೆ ಶಿಕ್ಷಣ, 2235 ಎಂದರೆ ಸಾಮಾಜಿಕ ಭದ್ರತೆ, ಹೀಗೆ. ಇದರಲ್ಲಿ 800 ಎಂಬ ಕಿರುಶೀರ್ಷಿಕೆಯೊಂದಿದೆ: ‘ಇತರೆ ವೆಚ್ಚ’. ಬೇರೆಲ್ಲೂ ಸೇರದ ಖರ್ಚು ಅಪರೂಪಕ್ಕೊಮ್ಮೆ ಬಂದರೆ ಇರಲಿ ಎಂದು ಮಾಡಿದ್ದು. ದೇಶದ ರಾಜ್ಯಗಳೆಲ್ಲ ಅಲ್ಲಿಗೇ ಸುರಿಯುತ್ತವೆ. ಇದರಿಂದ ಲೆಕ್ಕ ಪಾರದರ್ಶಕವಾಗಿರುವುದಿಲ್ಲ ಎಂದು ಸಿಎಜಿ ವರ್ಷವರ್ಷವೂ ವರದಿಯಲ್ಲಿ ಬರೆಯುತ್ತದೆ. ವರದಿ ಸದನದಲ್ಲಿ ಮಂಡನೆಯಾಗುತ್ತದೆ. ಮುಂದಿನ ವರ್ಷ ಮತ್ತೆ ಬರೆಯುತ್ತದೆ. ಮಾರ್ಚ್ ಕೊನೆಯ ವಾರ ಬಿಲ್ಲುಗಳು ಖಜಾನೆಯ ಬಾಗಿಲಿಗೆ ನುಗ್ಗುವ ಬಗ್ಗೆಯೂ ಹೀಗೇ. ತರಕಾರಿ ಅಂಗಡಿಯ ಹತ್ತು ರೂಪಾಯಿ ಎಲ್ಲಿಂದ ಬಂತೆಂದು ಹಿಡಿಯುವ ಜಾಣ ಸಾಫ್ಟ್‌ವೇರ್, ಸರ್ಕಾರದ ‘ಇತರೆ’ ಎಲ್ಲಿಗೆ ಹೋಯಿತು ಎಂದು ಕೇಳಿದೊಡನೆ ಸರ್ವರ್ ಡೌನ್.

ಗೃಹಲಕ್ಷ್ಮಿ ಯೋಜನೆಯ ತಿಂಗಳ 2,000 ರೂಪಾಯಿ ಖಾತೆಗೆ ಬಿದ್ದಾಗ ‘ಇದು ಯಾವ ತಿಂಗಳದ್ದು ಕಣಕ್ಕ?’ ಎಂದು ಹೆಂಗಸರು ಕಟ್ಟೆಯ ಮೇಲೆ ಕೂತು ಲೆಕ್ಕ ಹಾಕುತ್ತಾರೆ. ವಿಜ್ಞಾನಿ ನಾಲ್ಕು ಸಾಲು ಕೋಡ್ ಬರೆದರೆ ಉತ್ತರ ಸಿಕ್ಕಿಬಿಡುತ್ತದೆ. ಬರೆಯಗೊಡದಿರುವುದೂ ಅದಕ್ಕೇ.

ಆದರೂ ನಮ್ಮ ವಿಜ್ಞಾನಿ ಹಟದ ಆಸಾಮಿ. ಪೆನ್‌ಡ್ರೈವಿನಲ್ಲಿ ಸಿಕ್ಕಿದ್ದನ್ನೇ ಕೂಡಿಸಿ ಕಳೆದು, ಪೌಂಡುಗಳನ್ನೆಲ್ಲ ‘ನ’ಕಾರಕ್ಕೆ ತಿರುಗಿಸಿ, 800ರ ಮೇಲೊಂದು ವರದಿ ಬರೆಯುತ್ತಾರೆ. ವಿಷಯ ನಿರ್ವಾಹಕ ಅದನ್ನು ಕಡತಕ್ಕೆ ಏರಿಸಿ ‘ಹಿಂದಿನ ಕಂಡಿಕೆಗಳನ್ನು ಅವಗಾಹಿಸಬಹುದು’ ಎನ್ನುತ್ತಾನೆ. ಶಾಖಾಧಿಕಾರಿ ‘ಆದೇಶಕ್ಕಾಗಿ ಮಂಡಿಸಿದೆ’ ಎನ್ನುತ್ತಾರೆ. ಅಧೀನ ಕಾರ್ಯದರ್ಶಿಗಳದು ಒಂದೇ ಪದ: ‘ಚರ್ಚಿಸಿ’. ಉಪ ಕಾರ್ಯದರ್ಶಿಗಳು: ‘ಚರ್ಚಿಸಿದಂತೆ ಮರುಮಂಡಿಸಿ’. ಏನು ಚರ್ಚೆಯಾಯಿತು ಎನ್ನುವುದು ಕಡತದಲ್ಲಿ ಇರುವುದಿಲ್ಲ. ಮರುಮಂಡನೆಯಾದ ವರದಿಯಲ್ಲಿ 800 ಎಂಬ ಸಂಖ್ಯೆಯೂ ಇರುವುದಿಲ್ಲ. ಅದರ ಜಾಗದಲ್ಲಿ ಬೀಡಾ ಅಂಗಡಿಗಳ ಯುಪಿಐ ವಹಿವಾಟಿನ ಬಣ್ಣಬಣ್ಣದ ನಕ್ಷೆ.

ಅಷ್ಟರಲ್ಲಿ ವಿಜ್ಞಾನಿಗೇ ಮೂರು ತಿಂಗಳಿಂದ ಸಂಬಳ ಬಂದಿರುವುದಿಲ್ಲ. ವಿಚಾರಿಸಲು ಹೋದರೆ ಕೇಸ್ ವರ್ಕರ್ ಮುಖ ಅರಳಿಸುತ್ತಾನೆ. “ನಿಮ್ಮ ಫೈಲ್ ಇವತ್ತೇ ಕ್ಲಿಯರ್ ಆಯ್ತು ಸಾರ್, ಓದ್ತೀನಿ ಕೇಳಿ: ‘ಗುತ್ತಿಗೆ ಸಿಬ್ಬಂದಿಯ ಲೆಕ್ಕಶೀರ್ಷಿಕೆಯಡಿ ಅನುದಾನ ಲಭ್ಯವಿಲ್ಲದಿರುವುದರಿಂದ, ಸದರಿಯವರ ಸಂಭಾವನೆಯನ್ನು 059-ಇತರೆ ವೆಚ್ಚಗಳಡಿ ಭರಿಸಲು ಆರ್ಥಿಕ ಇಲಾಖೆ ಸಹಮತಿಸಿದೆ.’”